ದುರಾಸೆಯನ್ನು ಲೆಕ್ಕದ ಪುಸ್ತಕದಲ್ಲಿ ಹುಡುಕಿ: ಕ್ರೈಸ್ತ ಕುಟುಂಬಗಳಿಗೊಂದು ಮಾರ್ಗದರ್ಶಿ

ಕೋಪ ಬಂದವನಿಗೆ ತನಗೆ ಕೋಪ ಬಂದಿದೆ ಎಂದು ಗೊತ್ತಿರುತ್ತದೆ. ಕುಡಿದವನಿಗೂ ಮರುದಿನವಾದರೂ ಗೊತ್ತಾಗುತ್ತದೆ. ದುರಾಸೆ ಹಿಡಿದವನಿಗೆ ಮಾತ್ರ ಗೊತ್ತಾಗುವುದೇ ಇಲ್ಲ, ಏಕೆಂದರೆ ಅದು ಯಾವತ್ತೂ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಮಕ್ಕಳ ಭವಿಷ್ಯ, ಮುಪ್ಪಿನ ಆಸರೆ, ಮನೆತನದ ಮರ್ಯಾದೆ, ಕೊನೆಗೆ ದೇವರ ಆಶೀರ್ವಾದ ಎಂಬ ಹೆಸರಿನಲ್ಲಿ ಒಳಗೆ ಬಂದು ಕೂತುಬಿಡುತ್ತದೆ. ಹಾಗಾಗಿ ಕಣ್ಣು ಮುಚ್ಚಿಕೊಂಡು "ನನ್ನಲ್ಲಿ ದುರಾಸೆ ಇದೆಯೇ?" ಎಂದು ಮನಸ್ಸನ್ನು ಕೇಳಿ ಪ್ರಯೋಜನವಿಲ್ಲ. ಮನಸ್ಸು ಇಲ್ಲ ಎಂದೇ ಹೇಳುತ್ತದೆ. ಕೇಳಬೇಕಾದದ್ದು ಪಾಸ್‌ಬುಕ್ಕನ್ನು, ಮನೆ ಕೆಲಸದವರಿಗೆ ಕೊಟ್ಟ ಸಂಬಳದ ಲೆಕ್ಕವನ್ನು, ಅಣ್ಣತಮ್ಮ ಅಕ್ಕತಂಗಿಯರ ನಡುವಿನ ಆಸ್ತಿ ಪತ್ರವನ್ನು. ಈ ಲೇಖನದ ಕ್ರಮವೆಲ್ಲ ಅದೇ ದಾರಿಯಲ್ಲಿದೆ. ಕಥೋಲಿಕರಿಗೂ ಪ್ರೊಟೆಸ್ಟೆಂಟರಿಗೂ ಒಂದೇ ರೀತಿ ಉಪಯೋಗವಾಗುತ್ತದೆ; ವ್ಯತ್ಯಾಸ ಇರುವ ಕಡೆ ಹೇಳಿದ್ದೇವೆ.

ಶುರು ಮಾಡುವ ಮುಂಚೆ: ಯಾವುದು ದುರಾಸೆಯಲ್ಲ

ಉಳಿತಾಯ ದುರಾಸೆಯಲ್ಲ. ಆದಿಕಾಂಡ 41ರಲ್ಲಿ ಯೋಸೇಫನು ಸುಭಿಕ್ಷದ ಏಳು ವರ್ಷ ಬೆಳೆಯ ಐದರಲ್ಲೊಂದು ಪಾಲನ್ನು ಕಣಜಕ್ಕೆ ತುಂಬಿಸಿದ. ಆರು ತಿಂಗಳ ಮನೆ ಖರ್ಚಿನಷ್ಟು ಹಣ ಬ್ಯಾಂಕಿನಲ್ಲಿ ಇಡುವುದು, ಆರೋಗ್ಯ ವಿಮೆ ಕಟ್ಟುವುದು, ಪಿಂಚಣಿಗೆ ಹಣ ಹಾಕುವುದು ಇವೆಲ್ಲ ಅಂಥ ಕಣಜಗಳೇ. ಲೂಕ 12ರ ಬುದ್ಧಿಹೀನ ಐಶ್ವರ್ಯವಂತ ತಪ್ಪಿದ್ದು ಕಣಜ ಕಟ್ಟಿದ್ದರಲ್ಲಿ ಅಲ್ಲ. ಇದ್ದ ಕಣಜ ಕೆಡವಿ ದೊಡ್ಡದು ಕಟ್ಟುತ್ತೇನೆ ಎಂದು ಯೋಚಿಸುವಾಗ ಅವನ ಮಾತಿನಲ್ಲಿ "ನಾನು, ನನ್ನ" ಬಿಟ್ಟು ಬೇರೊಬ್ಬ ಮನುಷ್ಯ ಬರುವುದೇ ಇಲ್ಲ. ಯೋಸೇಫನ ಕಣಜದ ಬಾಗಿಲು ಬರಗಾಲದಲ್ಲಿ ಊರಿಗೆಲ್ಲ ತೆರೆಯಿತು.

ಬಡವರು ಹೆಚ್ಚು ಸಂಬಳ ಕೇಳುವುದೂ ದುರಾಸೆಯಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ 1 ತಿಮೊಥೆಯ 6ರಲ್ಲಿರುವ "ಅನ್ನವಸ್ತ್ರ ಇದ್ದರೆ ಸಾಕು" ಎಂಬ ಅರ್ಥದ ಮಾತನ್ನು ಸಂಬಳ ಕೊಡುವವರು ಸಂಬಳ ಕೇಳುವವರಿಗೆ ಹೇಳುವ ಅಭ್ಯಾಸ ನಮ್ಮಲ್ಲಿದೆ. ಆ ಮಾತು ಬರುವುದು ಭಕ್ತಿಯನ್ನೇ ಲಾಭದ ಕಸುಬು ಮಾಡಿಕೊಂಡ ಬೋಧಕರ ವಿಷಯದಲ್ಲಿ. ಯಾಕೋಬ 5:4ರಲ್ಲಿ ದೇವರ ಕಿವಿಗೆ ಮುಟ್ಟುವ ಕೂಗು ಕೂಲಿ ಸಿಗದ ಆಳುಗಳದ್ದು, ಜಮೀನುದಾರನದ್ದಲ್ಲ.

ಮೊದಲ ಹೆಜ್ಜೆ: ಮೂರು ತಿಂಗಳ ಲೆಕ್ಕ

ಒಂದು ತಿಂಗಳ ಲೆಕ್ಕ ಸಾಲದು. ಕ್ರಿಸ್ಮಸ್ ತಿಂಗಳೋ ಶಾಲೆ ಶುರುವಾಗುವ ತಿಂಗಳೋ ಆಗಿದ್ದರೆ ದಾರಿ ತಪ್ಪಿಸುತ್ತದೆ. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಪಟ್ಟಿ, ಕ್ರೆಡಿಟ್ ಕಾರ್ಡ್ ಬಿಲ್ ಮುಂದಿಟ್ಟುಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಐದು ಅಂಕಣ ಎಳೆಯಿರಿ. ಮನೆ ನಡೆಸಿದ್ದು (ಊಟ, ಬಾಡಿಗೆ, ಔಷಧಿ, ಶಾಲೆ, ಓಡಾಟ), ಸಾಲದ ಕಂತು, ಉಳಿತಾಯ, ಕೊಟ್ಟದ್ದು. ಐದನೆಯದು "ಬೇರೆಯವರು ನೋಡಲಿ ಎಂದು". ಈ ಕೊನೆಯ ಅಂಕಣಕ್ಕೆ ಏನು ಸೇರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ, ಬರೆಯುವವರಿಗೆ ಗೊತ್ತಿರುತ್ತದೆ. ಹಳೆಯ ಫೋನ್ ಚೆನ್ನಾಗಿಯೇ ಇದ್ದಾಗ ಕಂತಿನಲ್ಲಿ ತಂದ ಹೊಸ ಫೋನ್, ನೆಂಟರ ಮದುವೆಯಲ್ಲಿ ಕಡಿಮೆ ಕಾಣಬಾರದೆಂದು ಕೊಟ್ಟ ಮುಯ್ಯಿ, ಮೊದಲ ಪರಮಪ್ರಸಾದಕ್ಕೆ ಹಾಲ್ ಬುಕ್ ಮಾಡಿದ್ದು.

ಇಲ್ಲಿ ಎರಡು ತಪ್ಪು ಆಗುತ್ತವೆ. ಮದುವೆ, ಮನೆ ಕಟ್ಟುವುದು, ಒಡವೆ ಖರೀದಿಯಂಥವನ್ನು "ಅದು ಬೇರೆ ಲೆಕ್ಕ" ಎಂದು ಹೊರಗಿಡುತ್ತಾರೆ. ದೊಡ್ಡ ಆಸೆಗಳೆಲ್ಲ ಅಡಗಿರುವುದು ಆ ಬೇರೆ ಲೆಕ್ಕದಲ್ಲೇ. ಇನ್ನೊಂದು, ಗಂಡ ಹೆಂಡತಿ ಬೇರೆ ಬೇರೆ ಕೂತು ಬರೆಯುತ್ತಾರೆ. ಒಟ್ಟಿಗೇ ಕೂರಬೇಕು.

ಲೆಕ್ಕ ಮುಗಿದ ಮೇಲೆ, ಇನ್ನೊಬ್ಬರಿಗೆ ಹೇಳದೆ ಮಾಡಿದ ಪ್ರತಿಯೊಂದು ಖರ್ಚಿಗೂ, ಮುಚ್ಚಿಟ್ಟ ಪ್ರತಿಯೊಂದು ಆದಾಯಕ್ಕೂ ಕೆಂಪು ಗೆರೆ ಎಳೆಯಿರಿ. ಇದೇ ಮುಖ್ಯ ಪರೀಕ್ಷೆ. ಸತ್ಯವೇದದಲ್ಲಿ ದುರಾಸೆಯಿಂದ ಹಾಳಾದವರ ಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಯೆಹೋಶುವ 7ರಲ್ಲಿ ಆಕಾನ, ಯಾರೂ ಮುಟ್ಟಬಾರದೆಂದಿದ್ದ ಯೆರಿಕೋ ಪಟ್ಟಣದ ಕೊಳ್ಳೆಯಿಂದ ಶಿನಾರಿನ ಒಂದು ನಿಲುವಂಗಿ, 200 ಶೆಕೆಲ್ (ಆಗಿನ ತೂಕದ ಅಳತೆ) ಬೆಳ್ಳಿ, 50 ಶೆಕೆಲ್ ತೂಕದ ಚಿನ್ನದ ಗಟ್ಟಿ ತೆಗೆದುಕೊಂಡು ಗುಡಾರದ ನೆಲದಲ್ಲಿ ಹೂತಿಟ್ಟ. ತಪ್ಪೊಪ್ಪಿಗೆಯಲ್ಲಿ ಅವನೇ ಸರಣಿ ಹೇಳುತ್ತಾನೆ: ಕಂಡೆ, ಆಸೆಪಟ್ಟೆ, ತೆಗೆದುಕೊಂಡೆ, ಬಚ್ಚಿಟ್ಟೆ. 2 ಅರಸುಗಳು 5ರಲ್ಲಿ ಪ್ರವಾದಿ ಎಲೀಷನ ಸೇವಕ ಗೇಹಜಿ, ಎಲೀಷನಿಂದ ಕುಷ್ಠ ವಾಸಿಯಾಗಿ ಹೊರಟಿದ್ದ ಸೇನಾಪತಿ ನಾಮಾನನ ರಥದ ಹಿಂದೆ ಓಡಿ ಒಂದು ತಲಾಂತು ಬೆಳ್ಳಿ ಕೇಳಿದ, ಎರಡು ಸಿಕ್ಕಿತು; ಮನೆಯಲ್ಲಿಟ್ಟು ಬಂದು "ನಾನೆಲ್ಲೂ ಹೋಗಿರಲಿಲ್ಲ" ಎಂದ. ಅಪೊಸ್ತಲರ ಕೃತ್ಯಗಳು 5ರಲ್ಲಿ ಅನನೀಯ ಮತ್ತು ಸಫೈರಳು ಹೊಲ ಮಾರಿದ ಹಣದಲ್ಲಿ ಒಂದಷ್ಟು ತೆಗೆದಿಟ್ಟು ಪೂರ್ತಿ ತಂದಿದ್ದೇವೆ ಎಂದು ತೋರಿಸಿಕೊಂಡರು. ಪೇತ್ರ ಕೇಳಿದ್ದು ಗಮನಿಸಿ: ಹೊಲ ನಿನ್ನದೇ ಆಗಿತ್ತಲ್ಲವೇ, ಮಾರಿದ ಮೇಲೂ ಹಣ ನಿನ್ನ ವಶದಲ್ಲೇ ಇತ್ತಲ್ಲವೇ? ಕೊಡು ಎಂದು ಅವರನ್ನು ಯಾರೂ ಒತ್ತಾಯಿಸಿರಲಿಲ್ಲ. ಮೂರೂ ಕಡೆ ಮೊತ್ತ ಬೇರೆ, ಸಂದರ್ಭ ಬೇರೆ, ಬಚ್ಚಿಡುವುದು ಮಾತ್ರ ಒಂದೇ. ನಿಮ್ಮ ನೋಟ್‌ಬುಕ್ಕಿನಲ್ಲೂ ಕೆಂಪು ಗೆರೆ ಎಲ್ಲಿ ಗುಂಪಾಗಿದೆಯೋ ಅಲ್ಲಿಂದ ಕೆಲಸ ಶುರು.

ಎರಡನೆಯದು: ಪ್ರಾರ್ಥನೆಯಲ್ಲಿ ಅದು ಹೇಗೆ ಕಾಣುತ್ತದೆ

ಬಿತ್ತುವವನ ಸಾಮ್ಯದಲ್ಲಿ ಮುಳ್ಳುಗಿಡಗಳ ನಡುವೆ ಬಿದ್ದ ಬೀಜ ಮೊಳೆಯುತ್ತದೆ, ಬೆಳೆಯುತ್ತದೆ. ಮಾರ್ಕ 4:19ರ ಪ್ರಕಾರ ಪ್ರಪಂಚದ ಚಿಂತೆ, ಐಶ್ವರ್ಯದ ಮೋಸ, ಇತರ ವಿಷಯಗಳ ಆಸೆ ಈ ಮೂರೂ ಸೇರಿ ಅದನ್ನು ಅಡಗಿಸಿ ಫಲ ಬಾರದ ಹಾಗೆ ಮಾಡುತ್ತವೆ. ಅಂದರೆ ಹೊರಗಿನಿಂದ ಏನೂ ಬದಲಾದಂತೆ ಕಾಣುವುದಿಲ್ಲ. ಭಾನುವಾರ ತಪ್ಪುವುದಿಲ್ಲ, ಜಪಸರವೂ ನಡೆಯುತ್ತದೆ, ಗಾಯನ ತಂಡದಲ್ಲೂ ಇರುತ್ತಾರೆ. "ನಾನು ಚರ್ಚಿಗೆ ತಪ್ಪದೆ ಹೋಗುತ್ತೇನೆ" ಎಂಬುದನ್ನು ಆದ್ದರಿಂದ ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ.

ನೋಡಬೇಕಾದ ಗುರುತುಗಳು ಬೇರೆ ಇವೆ. ಪ್ರಾರ್ಥನೆಯಲ್ಲಿ ಬೇಡಿಕೆ ಉಳಿದು ಕೃತಜ್ಞತೆ ಬಿಟ್ಟುಹೋಗಿರುತ್ತದೆ. ಹರಕೆ ಚೌಕಾಸಿಯಾಗಿರುತ್ತದೆ: ಸೈಟು ಸಿಕ್ಕರೆ ಇಷ್ಟು ಕೊಡುತ್ತೇನೆ. ದೇವರು ತಮಗೆ ಮಾಡಿದ ಒಳಿತಿನ ಬಗ್ಗೆ ಪಕ್ಕದ ಮನೆಯವರು ಸಾಕ್ಷಿ ಹೇಳುವುದನ್ನು ಕೇಳುವಾಗ ಬಾಯಲ್ಲಿ "ಆಮೆನ್", ಹೊಟ್ಟೆಯಲ್ಲಿ ಕಿಚ್ಚು. ಬಲಿಪೂಜೆಯ ನಡುವೆ ಶೇರು ದರ ನೋಡಲು ಕೈ ಜೇಬಿಗೆ ಹೋಗುತ್ತದೆ.

4ನೇ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಎವಾಗ್ರಿಯಸ್ ಹಣದಾಸೆ ಮನಸ್ಸಿಗೆ ತರುವ ಚಿತ್ರಗಳನ್ನು ಪಟ್ಟಿ ಮಾಡಿದ್ದಾನೆ: ಉದ್ದನೆಯ ಮುಪ್ಪು, ದುಡಿಯಲಾಗದ ಕೈ, ಬರಲಿರುವ ಬರಗಾಲ, ರೋಗ, ಬೇರೆಯವರಿಂದ ಪಡೆಯಬೇಕಾದ ನಾಚಿಕೆ. ಏನೂ ಇಲ್ಲದ ಸನ್ಯಾಸಿಗಳಿಗೇ ಇದು ಕಾಡುತ್ತಿತ್ತು ಎಂಬುದು ಗಮನಿಸಬೇಕಾದ ಸಂಗತಿ. (ಇಂದಿನ ಹೂಡಿಕೆ ಜಾಹೀರಾತುಗಳನ್ನು ನೋಡಿದರೆ ಆ ಪಟ್ಟಿಯನ್ನೇ ಇಟ್ಟುಕೊಂಡು ಬರೆದಂತಿರುತ್ತವೆ.) ಇವು ನಿಜವಾದ ಭಯಗಳೇ. ಅವುಗಳಿಗೆ ಲೆಕ್ಕದ ಉತ್ತರ ಕೊಡಿ: ಎಷ್ಟು ಇದ್ದರೆ ಸಾಕು ಎಂದು ಕಾಗದದ ಮೇಲೆ ಒಂದು ಮೊತ್ತ ಬರೆಯಿರಿ. ಆ ಮೊತ್ತ ಕೈಸೇರಿದ ಮೇಲೂ ಭಯ ಹಾಗೆಯೇ ಇದ್ದರೆ, ಅಥವಾ ಮೊತ್ತವೇ ವರ್ಷ ವರ್ಷ ಜಾರುತ್ತಾ ಮೇಲೆ ಹೋಗುತ್ತಿದ್ದರೆ, ಅದು ಭದ್ರತೆಯ ಪ್ರಶ್ನೆಯಾಗಿ ಉಳಿದಿಲ್ಲ.

ಕ್ರಿ.ಶ. ಆರು ನೂರರ ಹೊತ್ತಿಗೆ ರೋಮಿನ ಪೋಪ್ ಆಗಿದ್ದ ಮಹಾ ಗ್ರೆಗೊರಿ ದುರಾಸೆಯ ಸಂತಾನವೆಂದು ಏಳನ್ನು ಹೆಸರಿಸುತ್ತಾನೆ: ದ್ರೋಹ, ವಂಚನೆ, ಸುಳ್ಳು, ಸುಳ್ಳಾಣೆ, ನೆಮ್ಮದಿಗೇಡು, ಬಲಾತ್ಕಾರ, ಕರುಣೆಗೆ ಮುಚ್ಚಿದ ಹೃದಯ. ಆತ್ಮಪರಿಶೋಧನೆಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಸಿಗುವುದು ಕಷ್ಟ. ದುರಾಸೆ ಇದೆಯೇ ಎಂದು ಕೇಳುವ ಬದಲು ಈ ಏಳರಲ್ಲಿ ಯಾವುದಾದರೂ ಕಳೆದ ತಿಂಗಳು ನಡೆದಿದೆಯೇ ಎಂದು ಕೇಳಿಕೊಳ್ಳಿ. ಮಗು ಕಂಡರೆ ತಾಯಿ ಎಲ್ಲೋ ಹತ್ತಿರದಲ್ಲೇ ಇದ್ದಾಳೆ.

ಯೇಸುಸಭೆಯ ಸ್ಥಾಪಕ ಲೊಯೋಲದ ಇಗ್ನೇಷಿಯಸ್ ಕೊಡುವ ಧ್ಯಾನವೊಂದೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೂರು ತರದ ಜನ. ಪ್ರತಿಯೊಬ್ಬರಿಗೂ 10,000 ಡುಕಾಟ್ (ಆಗಿನ ಚಿನ್ನದ ನಾಣ್ಯ) ಬಂದಿದೆ, ಅದನ್ನು ಪೂರ್ತಿ ದೇವರ ಪ್ರೀತಿಗಾಗಿ ಗಳಿಸಿದ್ದಲ್ಲ, ಮನಸ್ಸಿಗೆ ಭಾರವಾಗಿದೆ. ಮೊದಲನೆಯವರು ಆ ಅಂಟು ಬಿಡಬೇಕು ಎನ್ನುತ್ತಲೇ ಸಾಯುವವರೆಗೂ ಏನೂ ಮಾಡುವುದಿಲ್ಲ. ಎರಡನೆಯವರು ಅಂಟು ಹೋಗಬೇಕು ಆದರೆ ಹಣ ಇರಬೇಕು ಎನ್ನುತ್ತಾರೆ. ದೇವರೇ ತಮ್ಮ ದಾರಿಗೆ ಬರಲಿ ಎಂಬ ಲೆಕ್ಕ. ಮೂರನೆಯವರು ಇಟ್ಟುಕೊಳ್ಳಲೂ ಸಿದ್ಧ, ಬಿಡಲೂ ಸಿದ್ಧ. ನಿಮ್ಮಲ್ಲಿ ಯಾವುದಾದರೂ ಒಂದು ವಸ್ತುವನ್ನು, ಒಂದು ಸೈಟನ್ನು, ಒಂದು ಹುದ್ದೆಯನ್ನು ಹೆಸರಿಟ್ಟು ಈ ಮೂರರಲ್ಲಿ ನೀವೆಲ್ಲಿದ್ದೀರಿ ನೋಡಿ. ಹೆಚ್ಚಿನವರು ಇರುವುದು ಎರಡನೆಯ ಗುಂಪಿನಲ್ಲಿ.

ಮೂರನೆಯದು: ಖರ್ಚಿಗೊಂದು ಮೇಲ್ಮಿತಿ

ಮೆಥೊಡಿಸ್ಟ್ ಪಂಥಕ್ಕೆ ಮೂಲಪುರುಷನಾದ ಜಾನ್ ವೆಸ್ಲಿಯ ಹಣಕಾಸಿನ ಕ್ರಮ ಪ್ರಸಿದ್ಧ. ಆಕ್ಸ್‌ಫರ್ಡಿನಲ್ಲಿ ವರ್ಷಕ್ಕೆ 30 ಪೌಂಡ್ ವರಮಾನವಿದ್ದಾಗ 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು, ಆಗಲೂ 28ರಲ್ಲೇ ಬದುಕಿ 32 ಕೊಟ್ಟ. ಮುಂದೆ 90, ಆಮೇಲೆ 120 ಬಂದಾಗಲೂ ಖರ್ಚು ಅಷ್ಟೇ. ಅವನ ಅನುಯಾಯಿಗಳು ನಮ್ಮ ಮೈಸೂರು ಸೀಮೆಗೂ ಬಂದು ಶಾಲೆ, ಆಸ್ಪತ್ರೆ, ಅಚ್ಚುಕೂಟ ಕಟ್ಟಿದರು.

ವೆಸ್ಲಿ ಆಗ ಒಂಟಿಯಾಗಿದ್ದ, ಕಾಲೇಜಿನಲ್ಲಿ ವಾಸವಿತ್ತು. ಮಕ್ಕಳಿರುವ ಮನೆಗೆ 28ರ ಗೆರೆ ಹಾಗೇ ಹೊಂದುವುದಿಲ್ಲ, ಹಟಕ್ಕೆ ಬಿದ್ದು ಅನುಸರಿಸಿದವರು ಮೂರು ತಿಂಗಳಲ್ಲಿ ಕೈಬಿಡುತ್ತಾರೆ. ಹೊಂದುವುದು ಹೀಗೆ: ಮನೆ ಖರ್ಚಿನ ಮೇಲ್ಮಿತಿಯನ್ನು ವರ್ಷಕ್ಕೆ ಒಂದೇ ಸಲ, ಶಾಲೆ ಶುಲ್ಕ ಮತ್ತು ಬೆಲೆಯೇರಿಕೆ ನೋಡಿ ನಿಗದಿ ಮಾಡಿ. ಸಂಬಳ ಹೆಚ್ಚಿದ ತಿಂಗಳಲ್ಲಿ ಅದನ್ನು ಮುಟ್ಟಬೇಡಿ. ಹೆಚ್ಚಳವನ್ನು ಮೂರು ಪಾಲು ಮಾಡಿ. 6,000 ರೂಪಾಯಿ ಹೆಚ್ಚಿದರೆ 2,000 ಬೆಲೆಯೇರಿಕೆಗೆ, 2,000 ಸಾಲ ತೀರಿಸಲು ಅಥವಾ ಉಳಿತಾಯಕ್ಕೆ, 2,000 ಕೊಡಲು. ಹೆಚ್ಚಳ ಖಾತೆಗೆ ಬಂದ ಮೊದಲ ತಿಂಗಳೇ ಈ ಪಾಲು ಆಗಬೇಕು. ಎರಡು ತಿಂಗಳು ಪೂರ್ತಿ ಹಣ ಕೈಯಲ್ಲಿ ಓಡಾಡಿದರೆ ಅದು ಹೆಚ್ಚಳವೆಂದು ಅನ್ನಿಸುವುದೇ ನಿಂತುಹೋಗುತ್ತದೆ.

ಗಲ್ಫಿಗೆ ಹೋಗುವವರು, ಹಡಗಿನ ಕೆಲಸಕ್ಕೆ ಹೋಗುವವರು ಈ ಮೇಲ್ಮಿತಿಯನ್ನು ಊರು ಬಿಡುವ ಮುಂಚೆಯೇ ಬರೆದಿಡಬೇಕು: ಯಾವ ಸಾಲ ತೀರಿಸಲು, ಎಷ್ಟು ಉಳಿಸಲು, ಎಷ್ಟು ವರ್ಷ. ಕರಾವಳಿಯ ಎಷ್ಟೋ ಮನೆಗಳಲ್ಲಿ "ಇನ್ನೆರಡು ವರ್ಷ" ಎಂಬ ಮಾತು ಮಕ್ಕಳು ಬೆಳೆದು ಮದುವೆಯಾಗುವವರೆಗೂ ನಡೆಯುತ್ತದೆ. ಮನೆ ಎರಡಂತಸ್ತಾಗುತ್ತದೆ, ಒಳಗೆ ಇಬ್ಬರು ಮುದುಕರು. ಸಂಖ್ಯೆ ಬರೆದಿಟ್ಟಿದ್ದರೆ ವಾಪಸು ಬರುವ ಮಾತನ್ನಾದರೂ ಮನೆಯವರು ಎತ್ತಬಹುದು.

ನಾಲ್ಕನೆಯದು: ಕೊಡುವುದು, ಮತ್ತು ಕೊಡುವುದರೊಳಗಿನ ದುರಾಸೆ

1 ಕೊರಿಂಥ 16:2ರಲ್ಲಿ ಪೌಲ ಕೊಡುವ ವಿಧಾನ ಸರಳ: ವಾರದ ಮೊದಲ ದಿನ, ಪ್ರತಿಯೊಬ್ಬರೂ, ಸಂಪಾದನೆಗೆ ತಕ್ಕಷ್ಟು ಬೇರೆ ಎತ್ತಿಡಬೇಕು. ಕೊನೆಗೆ ಉಳಿದದ್ದನ್ನು ಕೊಡುತ್ತೇನೆ ಎಂದವರಿಗೆ ಉಳಿಯುವುದಿಲ್ಲ. ಸಂಬಳದ ದಿನವೇ ಬೇರೆ ಖಾತೆಗೋ ಲಕೋಟೆಗೋ ಹಾಕಿ.

ದಶಮಾಂಶ ಕೈಗೆ ಬಂದ ಸಂಬಳದ ಮೇಲೋ ತೆರಿಗೆಗೆ ಮುಂಚಿನ ಸಂಬಳದ ಮೇಲೋ ಎಂದು ಸಭೆಗಳಲ್ಲಿ ಜಗಳವಾಗುವುದುಂಟು. ಆ ಜಗಳದಲ್ಲಿ ಮರೆತುಹೋಗುವುದು ಧರ್ಮೋಪದೇಶಕಾಂಡ 14:28–29. ಮೂರು ವರ್ಷಕ್ಕೊಮ್ಮೆ ಆ ವರ್ಷದ ದಶಮಾಂಶ ಊರಲ್ಲೇ ಉಳಿದು ದೇವರ ಸೇವೆಗೆ ಮೀಸಲಾದ ಲೇವಿಯರ ಜೊತೆಗೆ ಪರದೇಶಿಗಳಿಗೂ ತಂದೆಯಿಲ್ಲದವರಿಗೂ ವಿಧವೆಯರಿಗೂ ಸಲ್ಲಬೇಕಿತ್ತು. ಕೊಡುವ ಹಣ ಪೂರ್ತಿ ಕಟ್ಟಡ ನಿಧಿಗೆ ಹೋಗುತ್ತಿದ್ದರೆ ಒಂದು ಪಾಲನ್ನು ವಿನ್ಸೆಂಟ್ ದೆ ಪಾವ್ಲ್ ಸಂಘದಂಥ ಬಡವರ ಸೇವೆಗೆ ತಿರುಗಿಸಿ. ಹತ್ತರಲ್ಲೊಂದು ಆಗದವರು ನೂರಕ್ಕೆ ಎರಡರಿಂದ ಶುರು ಮಾಡಿ ವರ್ಷಕ್ಕೊಂದು ಏರಿಸಲಿ. ಕ್ರೆಡಿಟ್ ಕಾರ್ಡಿನಲ್ಲಿ ದಶಮಾಂಶ ಕಟ್ಟಬಾರದು. ಅದು ಬ್ಯಾಂಕಿನ ಹಣ.

ತಂದೆತಾಯಿಗೆ ಔಷಧಿಗೆ ಕೊಡದೆ ಚರ್ಚಿಗೆ ಕೊಡುವುದನ್ನು ಮಾರ್ಕ 7:11ರಲ್ಲಿ ಯೇಸು ಹೆಸರಿಟ್ಟು ಖಂಡಿಸುತ್ತಾನೆ. "ಕೊರ್ಬಾನ್", ಅಂದರೆ ಇದು ದೇವರಿಗೆ ಮೀಸಲು ಎಂದು ಹೇಳಿ ಜವಾಬ್ದಾರಿ ಕಳಚಿಕೊಳ್ಳುವುದು ಆಗಲೂ ಇತ್ತು. ಬೆಂಚಿನ ಮೇಲೆ, ಗಂಟೆಯ ಮೇಲೆ, ಕೊನೆಗೆ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ಬರೆಸುವುದು ನಮ್ಮ ಕಾಲದ್ದು. ವರ್ಷದಲ್ಲಿ ಒಂದಾದರೂ ದಾನ ಯಾರಿಗೂ ಗೊತ್ತಾಗದ ಹಾಗೆ ಮಾಡಿ ನೋಡಿ. ಹೇಳಿಕೊಳ್ಳಬೇಕೆಂಬ ಕಡಿತ ಎಷ್ಟು ದಿನ ಇರುತ್ತದೆ ಎಂಬುದೇ ಅಳತೆ. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ತೆಂಗಿನಕಾಯಿಗೆ ಸಾವಿರಾರು ರೂಪಾಯಿ ಕೂಗಿ ಹಣ ಕಟ್ಟದೆ ಉಳಿಸಿಕೊಂಡವರು ಸಭೆಯ ಲೆಕ್ಕದಲ್ಲಿ ಇದ್ದೇ ಇರುತ್ತಾರೆ. ಕೂಗಿದ ದಿನವೇ ಕಟ್ಟಿ, ಇಲ್ಲವೇ ಕೂಗಬೇಡಿ.

"ಬೀಜದ ಕಾಣಿಕೆ" ಎಂಬ ಬೋಧನೆಯ ಬಗ್ಗೆ ಎಚ್ಚರವಿರಲಿ: ಸಾವಿರ ಬಿತ್ತಿದರೆ ಲಕ್ಷ ಕೊಯ್ಯುತ್ತೀರಿ ಎನ್ನುವ ಮಾತು. ಮಲಾಕಿಯ 3:10ನ್ನು ಇದಕ್ಕೆ ಎಳೆಯುತ್ತಾರೆ. ಅಲ್ಲಿ ದಶಮಾಂಶ ಬೊಕ್ಕಸಕ್ಕೆ ಬರಬೇಕೆಂದದ್ದು ದೇವಾಲಯದಲ್ಲಿ ಆಹಾರ ಇರಲಿ ಎಂದು, ಮಾತು ಇಡೀ ಜನಾಂಗಕ್ಕೆ. ಇದರಿಂದ ನಂಬಿಕೆ ಹಾಳಾಗುವುದು ಎರಡು ಕಡೆಯಿಂದ. ಹಣ ಬಂದವನು ದೇವರನ್ನು ಬಡ್ಡಿ ಕೊಡುವವನು ಎಂದುಕೊಳ್ಳುತ್ತಾನೆ. ಬಾರದವನು ತನ್ನಲ್ಲಿ ನಂಬಿಕೆ ಸಾಲದೆಂದು ಕೊರಗಿ, ಕೊನೆಗೆ ಸದ್ದಿಲ್ಲದೆ ಸಭೆ ಬಿಡುತ್ತಾನೆ. ಮೂರು ಪ್ರಶ್ನೆ ಕೇಳಿ: ರಸೀದಿ ಕೊಡುತ್ತಾರೆಯೇ? ವರ್ಷದ ಲೆಕ್ಕ ತೋರಿಸುತ್ತಾರೆಯೇ? ಬೋಧಕರ ಸ್ವಂತ ಖಾತೆಗೆ ಹಣ ಹಾಕಲು ಹೇಳುತ್ತಾರೆಯೇ? ಕೊನೆಯದಕ್ಕೆ ಹೌದು ಎಂದಾದರೆ ಮೊದಲೆರಡನ್ನು ಕೇಳುವುದೂ ಬೇಕಿಲ್ಲ.

ಐದನೆಯದು: ಸಾಲ, ಚೀಟಿ, "ದೇವರು ತೋರಿಸಿದ ಅವಕಾಶ"

ಬಡ್ಡಿಯನ್ನು ಯಾವಾಗಲೂ ವರ್ಷಕ್ಕೆ ತಿರುಗಿಸಿ ನೋಡಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ವರ್ಷಕ್ಕೆ 36%. ಕ್ರೆಡಿಟ್ ಕಾರ್ಡಿನ ತಿಂಗಳ 3.5% ಎಂದರೆ 42%. ಸಾಲ ಕೊಡುವ ಕಡೆಯಲ್ಲಿ ನೀವಿದ್ದರೆ ಕೀರ್ತನೆ 15:5 ಮತ್ತು ವಿಮೋಚನಕಾಂಡ 22:25 ಓದಿಕೊಳ್ಳಿ. ಕಷ್ಟದಲ್ಲಿರುವ ಸಭೆಯವರಿಗೆ ಮೀಟರ್ ಬಡ್ಡಿಗೆ ಕೊಟ್ಟು ಭಾನುವಾರ ಅದೇ ಸಾಲಿನಲ್ಲಿ ಕೂತು ಪರಮಪ್ರಸಾದ ತೆಗೆದುಕೊಳ್ಳುವುದಕ್ಕೆ ಯಾವ ವ್ಯಾಖ್ಯಾನವೂ ಸಹಾಯಕ್ಕೆ ಬರುವುದಿಲ್ಲ.

ಮೋಸದ ಹೂಡಿಕೆ ಯೋಜನೆಗಳು ಪ್ರಾರ್ಥನಾ ಗುಂಪುಗಳಲ್ಲಿ ಬೇಗ ಹಬ್ಬುತ್ತವೆ. ಇದಕ್ಕೆ ಕಾರಣ ಅಲ್ಲಿನ ನಂಬಿಕೆಯೇ. ಪರಿಚಯದ ಮುಖ, "ಬ್ರದರ್" ಎಂಬ ಕರೆ, ಮೊದಲ ಎರಡು ತಿಂಗಳು ಸರಿಯಾಗಿ ಬಂದ ಲಾಭ. ಆ ಲಾಭ ನಿಮ್ಮ ನಂತರ ಸೇರಿದವರ ಹಣ ಎಂದು ಗೊತ್ತಾಗುವುದು ಸೇರುವವರು ನಿಂತ ಮೇಲೆ. ಚೀಟಿ ನಡೆಸುವವರು 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗಿರಬೇಕು. ನಡೆಸುವವರ ಕಮಿಷನ್ 7% ಮೀರುವಂತಿಲ್ಲ (2019ರ ತಿದ್ದುಪಡಿಗೆ ಮುಂಚೆ 5% ಇತ್ತು). ಅನುಮತಿಯಿಲ್ಲದೆ ಜನರಿಂದ ಠೇವಣಿ ಪಡೆಯುವುದನ್ನು 2019ರ ಕಾಯ್ದೆ ಪೂರ್ತಿ ನಿಷೇಧಿಸಿದೆ. ನೋಂದಣಿ ಸಂಖ್ಯೆ ಕೇಳಿದಾಗ "ನಮ್ಮ ಮೇಲೆ ನಂಬಿಕೆ ಇಲ್ಲವೇ?" ಎಂಬ ಉತ್ತರ ಬಂದರೆ ಎದ್ದು ಬನ್ನಿ. ಪಾಸ್ಟರು, ಫಾದರು, ಕಮಿಟಿ ಸದಸ್ಯರು ಯಾವುದೇ ಹೂಡಿಕೆಗೆ ಏಜೆಂಟರಾಗಬಾರದೆಂಬ ನಿಯಮವನ್ನು ಸಭೆಯೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಆರನೆಯದು: ತೆಗೆದುಕೊಂಡದ್ದನ್ನು ಹಿಂದಿರುಗಿಸುವುದು

ಹೆಚ್ಚಿನ ಮಾರ್ಗದರ್ಶಿಗಳು ಇದನ್ನು ಬಿಟ್ಟುಬಿಡುತ್ತವೆ. ಪಶ್ಚಾತ್ತಾಪ, ಪ್ರಾರ್ಥನೆ, ಮುಂದೆ ಹೀಗೆ ಮಾಡುವುದಿಲ್ಲ ಎಂಬ ನಿರ್ಧಾರ, ಅಲ್ಲಿಗೆ ಮುಗಿಯುತ್ತದೆ. ಲೂಕ 19ರಲ್ಲಿ ಬರುವ ಸುಂಕದವರ ಮುಖ್ಯಸ್ಥ ಜಕ್ಕಾಯ ಅಲ್ಲಿಗೆ ನಿಲ್ಲಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು. ಮೋಶೆಯ ಧರ್ಮಶಾಸ್ತ್ರದಲ್ಲಿ ಕದ್ದು ಕೊಯ್ದ ಕುರಿಗೆ ನಾಲ್ಕರಷ್ಟು (ವಿಮೋಚನಕಾಂಡ 22:1), ತಾನಾಗಿ ಒಪ್ಪಿಕೊಂಡವನಿಗೆ ಅಸಲು ಮತ್ತು ಐದರಲ್ಲೊಂದು ಪಾಲು (ಅರಣ್ಯಕಾಂಡ 5:7). ಜಕ್ಕಾಯ ತಾನಾಗಿಯೇ ಒಪ್ಪಿಕೊಂಡಿದ್ದರೂ ಕಳ್ಳನ ದಂಡವನ್ನು ತನಗೆ ಹಾಕಿಕೊಂಡ.

ಮಾಡುವ ರೀತಿ: ಹೆಸರು, ಮೊತ್ತ, ಎಷ್ಟು ಕಾಲ ಎಂದು ಪಟ್ಟಿ ಬರೆಯಿರಿ. ಮನೆ ಕೆಲಸದವರಿಗೆ ಮಾತಾಡಿದ ಸಂಬಳಕ್ಕಿಂತ ತಿಂಗಳಿಗೆ 500 ಕಡಿಮೆ ಕೊಟ್ಟು 14 ತಿಂಗಳಾಗಿದ್ದರೆ ಅಸಲು 7,000, ಐದರಲ್ಲೊಂದು 1,400, ಒಟ್ಟು 8,400. ಅವರ ಕೈಗೇ ಕೊಡಿ. "ಹಬ್ಬಕ್ಕೆ ಇಟ್ಟುಕೊಳ್ಳಮ್ಮ" ಎಂದು ಉಡುಗೊರೆಯ ವೇಷ ಹಾಕಬೇಡಿ. ಇದು ನಿಮ್ಮ ಬಾಕಿ ಎಂದೇ ಹೇಳಿ. ಆ ವ್ಯಕ್ತಿ ತೀರಿಕೊಂಡಿದ್ದರೆ ಅವರ ಮಕ್ಕಳಿಗೆ. ಯಾರೂ ಸಿಗದಿದ್ದರೆ ಅರಣ್ಯಕಾಂಡ 5:8ರ ಪ್ರಕಾರ ಅದು ದೇವರಿಗೆ, ಯಾಜಕರ ಕೈಗೆ ಸೇರುತ್ತದೆ. ಇಂದು ಬಡವರ ನಿಧಿಗೆ ಹಾಕಬಹುದು. ಹೆಸರು ಬಯಲಾದರೆ ಇನ್ನೊಬ್ಬರ ಬದುಕು ಹಾಳಾಗುತ್ತದೆ ಎನ್ನುವಂಥ ಸಂದರ್ಭದಲ್ಲಿ ಕಥೋಲಿಕರು ಪಾಪನಿವೇದನೆ ಕೇಳಿದ ಗುರುಗಳ ಮೂಲಕ, ಇತರರು ನಂಬಿಕಸ್ತ ಹಿರಿಯರ ಮೂಲಕ ಮುಟ್ಟಿಸಬಹುದು.

ಇಲ್ಲಿ ನಡೆಯುವ ದೊಡ್ಡ ತಪ್ಪು, ಆಳಿಗೆ ಸೇರಬೇಕಾದ ಹಣವನ್ನು ಚರ್ಚಿಗೆ ಕಾಣಿಕೆ ಹಾಕಿ ಮನಸ್ಸು ಹಗುರ ಮಾಡಿಕೊಳ್ಳುವುದು. ಆಳು ಬದುಕಿರುವಾಗ ಆ ಹಣದ ಮೇಲೆ ಚರ್ಚಿಗೆ ಹಕ್ಕಿಲ್ಲ.

ಏಳನೆಯದು: ಆಸ್ತಿ ಪಾಲು

ಬುದ್ಧಿಹೀನ ಐಶ್ವರ್ಯವಂತನ ಸಾಮ್ಯ ಶುರುವಾಗುವುದು ಗುಂಪಿನಿಂದ ಒಬ್ಬ ಎದ್ದು "ಬೋಧಕನೇ, ನನಗೆ ಪಾಲು ಕೊಡಲು ನಮ್ಮ ಅಣ್ಣನಿಗೆ ಹೇಳು" ಎಂದದ್ದರಿಂದ. ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಒಂದೇ ಚರ್ಚಿನ ಎರಡು ಬಾಗಿಲಿನಿಂದ ಒಳಗೆ ಬಂದು ಹೋಗುವ ಊರುಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಯಾವ ಪ್ರಸಂಗದಿಂದಲೂ ಮುರಿಯದ ನಂಬಿಕೆ ಇಲ್ಲಿ ಮುರಿಯುತ್ತದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಕಾನೂನು. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಹೆಂಡತಿ ಮಕ್ಕಳು ಇದ್ದರೆ ಮೂರರಲ್ಲೊಂದು ಪಾಲು ಹೆಂಡತಿಗೆ, ಉಳಿದ ಎರಡು ಪಾಲು ಮಕ್ಕಳಿಗೆ ಸಮವಾಗಿ, ಗಂಡು ಹೆಣ್ಣು ಭೇದವಿಲ್ಲದೆ. 36 ಲಕ್ಷದ ಆಸ್ತಿ, ತಾಯಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಎಂದಿಟ್ಟುಕೊಳ್ಳಿ: ತಾಯಿಗೆ 12, ಮಕ್ಕಳಿಗೆ ತಲಾ 8. ಮಗಳ ಮದುವೆಗೆ ಕೊಟ್ಟ ಚಿನ್ನವನ್ನು ಅವಳ ಪಾಲಿನಿಂದ ಕಳೆಯುವ ವಾಡಿಕೆಗೆ ಈ ಕಾಯ್ದೆಯಲ್ಲಿ ಆಧಾರವಿಲ್ಲ. ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೆ ಈ ಸಮಪಾಲು ಕೇರಳದ ಹಳೆಯ ತಿರುವಾಂಕೂರು ಪ್ರದೇಶದಲ್ಲಿ ಸಿಕ್ಕಿದ್ದು 1986ರಲ್ಲಿ, ಮೇರಿ ರಾಯ್ ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದ ಮೇಲೆ.

ಈಗ ಕ್ರಮ. ಶವಸಂಸ್ಕಾರದ ವಾರದಲ್ಲಿ ಯಾವ ಕಾಗದಕ್ಕೂ ಸಹಿ ಹಾಕಿಸಬೇಡಿ, ಹಾಕಬೇಡಿ. ತಿಂಗಳ ಸ್ಮರಣೆಯ ಪೂಜೆ ಮುಗಿಯಲಿ. ಆಮೇಲೆ ಎಲ್ಲ ದಾಖಲೆಗಳ ನಕಲು ಎಲ್ಲರ ಕೈಗೂ ಹೋಗಲಿ: ಆರ್‌ಟಿಸಿ, ಖಾತಾ, ಬ್ಯಾಂಕ್ ಠೇವಣಿ, ಸಾಲದ ವಿವರ. ಒಬ್ಬರ ಬೀರುವಿನಲ್ಲೇ ಉಳಿದರೆ ಅನುಮಾನ ಅಲ್ಲಿಂದಲೇ ಶುರು. ಬೆಲೆಯನ್ನು ಕುಟುಂಬಕ್ಕೆ ಸೇರದ ಇಬ್ಬರಿಂದ ಬೇರೆ ಬೇರೆಯಾಗಿ ಕಟ್ಟಿಸಿ ಸರಾಸರಿ ತೆಗೆದುಕೊಳ್ಳಿ. ತಾಯಿಯ ಪಾಲನ್ನು ಮೊದಲು ಗುರುತಿಸಿ ಅವರ ಹೆಸರಿಗೆ ಮಾಡಿ. "ಅಮ್ಮನ ಪಾಲು ಅಮ್ಮನ ನಂತರ ಹೇಗೂ ನಮಗೇ" ಎಂದು ಸೇರಿಸಿ ಹಂಚಿಕೊಂಡ ಮನೆಗಳಲ್ಲಿ ಅಮ್ಮ ಸರದಿಯ ಮೇಲೆ ಮನೆ ಮನೆ ಅಲೆಯುತ್ತಾರೆ. ಉಳಿದದ್ದನ್ನು ಭಾಗ ಮಾಡುವವನು ಕೊನೆಗೆ ಆರಿಸಿಕೊಳ್ಳಲಿ. ಆದಿಕಾಂಡ 13ರಲ್ಲಿ ಹಿರಿಯನಾದ ಅಬ್ರಾಮನೇ ಲೋಟನಿಗೆ ಮೊದಲು ಆರಿಸಿಕೋ ಎಂದ. ಭಾಗ ಮಾಡುವವನಿಗೆ ಕೊನೆಯ ಪಾಲು ಸಿಗುತ್ತದೆ ಎಂದಾದರೆ ಅವನು ತುಂಬಾ ಜಾಗ್ರತೆಯಾಗಿ ಸಮನಾಗಿಯೇ ಮಾಡುತ್ತಾನೆ. ಒಪ್ಪಿದ ಮೇಲೆ ಉಪನೋಂದಣಿ ಕಚೇರಿಯಲ್ಲಿ ವಿಭಾಗಪತ್ರ ನೋಂದಾಯಿಸಿ. ಬಿಳಿ ಕಾಗದದ ಮೇಲಿನ ಒಪ್ಪಂದ ಮುಂದಿನ ತಲೆಮಾರಿನ ವ್ಯಾಜ್ಯ.

ಅಕ್ಕತಂಗಿಯರು ಹಕ್ಕು ಬಿಟ್ಟುಕೊಡುವುದಾದರೆ ಅವರು ಏನು ಬಿಡುತ್ತಿದ್ದಾರೆಂದು ರೂಪಾಯಿಯಲ್ಲಿ ತಿಳಿದು, ತಮ್ಮದೇ ವಕೀಲರಿಗೆ ಕಾಗದ ತೋರಿಸಿದ ಮೇಲೆ ಬಿಡಲಿ. "ತವರಿನ ಬಾಗಿಲು ಮುಚ್ಚಿಹೋದೀತು" ಎಂಬ ಹೆದರಿಕೆಯಿಂದ ಹಾಕಿದ ಸಹಿಯನ್ನು ದಾನ ಎನ್ನಲಾಗದು.

ಮದುವೆಯ ವಿಷಯದಲ್ಲಿ ಇಷ್ಟೇ: ಅತಿಥಿಗಳ ಸಂಖ್ಯೆ ಮೊದಲು ನಿರ್ಧರಿಸಿ, ಹಾಲ್ ಆಮೇಲೆ ಹುಡುಕಿ, ಹಾಲ್ ಮೊದಲು ಹಿಡಿದವರು ಅದನ್ನು ತುಂಬಿಸಲು ಜನ ಕರೆಯುತ್ತಾರೆ. ರೋಸ್ (ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಕರಾವಳಿಯ ಶಾಸ್ತ್ರ) ಮತ್ತು ಆರತಕ್ಷತೆ ಎರಡಕ್ಕೂ ಸಾಲ ಬೇಡ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕ್ರೈಸ್ತರಿಗೂ ಅನ್ವಯ, ವರದಕ್ಷಿಣೆಯನ್ನು "ಹುಡುಗಿಗೆ ಅವರ ಮನೆಯವರ ಪ್ರೀತಿ" ಎಂದು ಕರೆದರೂ.

ಎಂಟನೆಯದು: ಸಭೆಯ ಹಣ

ಯೋಹಾನ 12:6ರ ಪ್ರಕಾರ ಶಿಷ್ಯರ ಹಣದ ಚೀಲ ಇಸ್ಕರಿಯೋತ ಯೂದನ ಕೈಯಲ್ಲಿತ್ತು, ಅವನು ಅದರಿಂದ ತೆಗೆಯುತ್ತಿದ್ದ. ಒಬ್ಬನ ಕೈಯಲ್ಲಿ ಚೀಲ, ಕೇಳುವವರಿಲ್ಲ. ಪೌಲ ಯೆರೂಸಲೇಮಿನ ಬಡವರಿಗೆ ಸಂಗ್ರಹಿಸಿದ ಹಣವನ್ನು ಕಳಿಸುವಾಗ ಬೇರೆ ದಾರಿ ಹಿಡಿದ: ತನ್ನ ಜೊತೆಗಾರ ತೀತನ ಜೊತೆ ಸಭೆಗಳು ನೇಮಿಸಿದ ಇನ್ನೊಬ್ಬರನ್ನೂ ಕಳಿಸಿ, ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು ಕಾರಣ ಕೊಟ್ಟ (2 ಕೊರಿಂಥ 8:18–21).

ಇಂದು ಅದನ್ನು ಹೀಗೆ ಮಾಡಬಹುದು. ಕಾಣಿಕೆಯನ್ನು ಆರಾಧನೆ ಮುಗಿದ ಕೂಡಲೇ ಚರ್ಚಿನಲ್ಲೇ, ಸಂಬಂಧಿಕರಲ್ಲದ ಇಬ್ಬರು ಎಣಿಸಲಿ. ಪೆನ್ನಿನಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ಹಣ ಯಾರ ಮನೆಗೂ ಹೋಗದೆ ಮರು ಕೆಲಸದ ದಿನ ಬ್ಯಾಂಕಿಗೆ ಹೋಗಲಿ. ಖಜಾಂಚಿಗೆ ಮೂರು ವರ್ಷದ ಮಿತಿ ಇರಲಿ, ಚೆಕ್ಕಿಗೆ ಎರಡು ಸಹಿ ಇರಲಿ, ಲೆಕ್ಕಪರಿಶೋಧನೆಯಾದ ವಾರ್ಷಿಕ ಲೆಕ್ಕ ನೋಟಿಸ್ ಬೋರ್ಡಿಗೆ ಬರಲಿ. ಎಣಿಕೆ ಬಿಟ್ಟುಹೋಗುವುದು ಸಾಮಾನ್ಯವಾಗಿ ಮಳೆಗಾಲದಲ್ಲಿ ಮತ್ತು ಹಬ್ಬದ ದಿನ, "ಇವತ್ತೊಂದು ದಿನ" ಎಂದು. ಹಬ್ಬದ ದಿನವೇ ಹಣ ಹೆಚ್ಚು. ಆಸ್ತಿ ಇರುವ ಸಭೆಗಳಲ್ಲಿ ಕಮಿಟಿ ಚುನಾವಣೆ ವಿಧಾನಸಭೆ ಚುನಾವಣೆಯಂತೆ ನಡೆದು ಕೋರ್ಟಿಗೆ ಹೋದಾಗ ಯುವಕರು ಚರ್ಚು ಬಿಡುತ್ತಾರೆ. ಅವರನ್ನು ಲೋಕದ ಆಸೆ ಎಳೆದುಕೊಂಡು ಹೋಯಿತು ಎಂದು ಪ್ರಸಂಗ ಮಾಡುವ ಮುಂಚೆ ಹಿರಿಯರು ನಡವಳಿ ಪುಸ್ತಕ ತೆರೆದು ನೋಡುವುದು ಲೇಸು.

ಯಾವಾಗ ಮಾಡಬೇಕು

ಈಸ್ಟರಿಗೆ ಮುಂಚಿನ ತಪಸ್ಸುಕಾಲ (ಲೆಂಟ್) ಇದಕ್ಕೆ ತಕ್ಕ ಸಮಯ. ವಿಭೂತಿ ಬುಧವಾರದ ಮುಂಚೆಯೇ ಸ್ಟೇಟ್‌ಮೆಂಟುಗಳನ್ನು ಕೂಡಿಸಿಡಿ. ಮೊದಲ ವಾರ ಲೆಕ್ಕ ಮತ್ತು ಕೆಂಪು ಗೆರೆ, ಎರಡನೇ ವಾರ ಮೇಲ್ಮಿತಿ, ಮೂರನೇ ವಾರ ಸಾಲದ ಪಟ್ಟಿ. ಹಿಂದಿರುಗಿಸುವ ಕೆಲಸಕ್ಕೆ ಎರಡು ವಾರ ಇಟ್ಟುಕೊಳ್ಳಿ, ಅದು ಯಾವಾಗಲೂ ಎಣಿಸಿದ್ದಕ್ಕಿಂತ ತಡವಾಗುತ್ತದೆ. ಮಾಂಸ ತಿನ್ನದೆ ಉಳಿಸಿದ ಹಣ ಈಸ್ಟರಿನ ಹೊಸ ಬಟ್ಟೆಗೆ ಹೋಗದಂತೆ ವಾರ ವಾರವೇ ಕೊಟ್ಟುಬಿಡಿ. ಲೆಂಟ್ ಆಚರಿಸದ ಸಭೆಗಳವರು ಹಣಕಾಸು ವರ್ಷ ಮುಗಿಯುವ ಮಾರ್ಚ್ ತಿಂಗಳನ್ನು ಇಟ್ಟುಕೊಳ್ಳಬಹುದು, ಕಾಗದಪತ್ರಗಳು ಹೇಗೂ ಹೊರಗೆ ಬಂದಿರುತ್ತವೆ.

ಒಂದು ವಿಷಯ ಮಾತ್ರ ಈ ಕ್ರಮಕ್ಕೆ ಬಗ್ಗುವುದಿಲ್ಲ. ಆನ್‌ಲೈನ್ ಜೂಜು, ಬೆಟ್ಟಿಂಗ್, ನಿಲ್ಲಿಸಲಾಗದ ಖರೀದಿ ಇದ್ದರೆ ಉಪವಾಸ ಮತ್ತು ಉಪದೇಶದಿಂದ ಗುಣವಾಗುತ್ತದೆ ಎಂದು ಕಾಯಬೇಡಿ. ಮೊದಲು ಆ ವ್ಯಕ್ತಿಯ ಒಪ್ಪಿಗೆ ಪಡೆದು ಖಾತೆ, ಕಾರ್ಡು, ಯುಪಿಐ ಮಿತಿಯನ್ನು ಮನೆಯವರೊಬ್ಬರ ಜೊತೆ ಹಂಚಿಕೊಳ್ಳುವ ವ್ಯವಸ್ಥೆ ಮಾಡಿ, ಲೋನ್ ಆ್ಯಪ್‌ಗಳನ್ನು ತೆಗೆಸಿ. ಅವನ ಸಾಲವನ್ನು ಸಭೆಯವರು ಚಂದಾ ಎತ್ತಿ ಒಂದೇ ಸಲ ತೀರಿಸಬೇಡಿ. ಖಾಲಿಯಾದ ಸಾಲದ ಮಿತಿ ಮತ್ತೆ ಜೂಜಿಗೇ ಹೋಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಗಳಿಗೆ ಪ್ರತ್ಯೇಕ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.